ಕಲ್ಲಿಗಿದ್ದ ಭಾಗ್ಯ ಕೊರಳಿಗಿಲ್ಲ

ನಮ್ಮ ಕೋಲಾರದ ಸೀಮೆಯಲ್ಲಿ ಕಲ್ಲಿಗಿರುವ ಭಾಗ್ಯ ಕೊರಳಿಗಿಲ್ಲವೆಂದರೆ ಕೆಲವರಿಗೆ ಬೇಸರವಾದೀತು. ಆದರೂ ಲೆಕ್ಕವನ್ನು ನೋಡಬೇಕು. ಬಿ. ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಸಂಗ್ರಹಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೇ ಮೀಸಲಿಟ್ಟು 1905ರಲ್ಲಿ ಹೊರತಂದರು. ಮುಳಬಾಗಿಲಿನ ಹತ್ತಿರದ ಆವನಿಯ ಗುಡಿಗಳ ಬರಹವೂ ಹೊಲದ ಬದುವಿನ ವೀರಗಲ್ಲಿನ ಮಾತೂ ಹೀಗೆ ಅಚ್ಚಿಗೆ ಬಂದು ಉಳಿದುಕೊಂಡವು. ಆ ವೇಳೆಗೆ ಎಡಿಸನ್ನನ ಫೋನೋಗ್ರಾಫ್ ಹುಟ್ಟಿ 28 ವರ್ಷಗಳಾಗಿದ್ದವು. ವಿಯೆನ್ನಾ ನಗರದಲ್ಲಿ 1899ರಲ್ಲಿಯೇ ಒಂದು ಧ್ವನಿಭಂಡಾರ ಸ್ಥಾಪಿತವಾಗಿತ್ತು. ಆದರೆ ಆ ವೀರಗಲ್ಲಿನ ಪಕ್ಕದ ಮನೆಯಲ್ಲಿ ರಾಗಿ ಬೀಸುತ್ತ ಹಾಡುತ್ತಿದ್ದ ಹೆಂಗಸಿನ ಕೊರಳನ್ನು ಹಿಡಿದಿಡುವುದು ಆ ಕಾಲದ ವಿದ್ವತ್ತಿನ ಕೆಲಸವಾಗಿರಲಿಲ್ಲ.

ಯಂತ್ರ ನಮ್ಮ ದೇಶಕ್ಕೆ ಬಂದದ್ದು ವ್ಯಾಪಾರದ ದಾರಿಯಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಾಫೋನಿಗೆ ಹಾಡಿದರು. ರಾಗವೊಂದರ ಸಾಗರವನ್ನೆಲ್ಲ ಸುಮಾರು ಮೂರು ನಿಮಿಷದ ತಂಬಿಗೆಗೆ ತುಂಬಬೇಕಾದ ಕಷ್ಟ ಅದು. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಸಾರುವುದನ್ನು ಇಂದಿಗೂ ಕೇಳಬಹುದು. ಇದು ಅಹಂಕಾರವಲ್ಲ, ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾವ ಹಾಡು ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಮುಂದೆ ಮೈಸೂರಿನ ಆಶ್ರಯಕ್ಕೆ ಬಂದ ಆಕೆ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಕೊರಳು ಹೋದರೂ ಹೆಸರು ಕೊರಳಿನೊಡನೆ ಅಂಟಿಕೊಂಡು ಉಳಿಯಿತು.

ಬಾನುಲಿಯ ಕಥೆ ಬೇರೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, 30 ವಾಟ್ ಶಕ್ತಿಯ ಯಂತ್ರದಿಂದ, ‘ಆಕಾಶವಾಣಿ’ಯನ್ನು ಆರಂಭಿಸಿದರು. ಕುವೆಂಪು ಅವರ ಕಾವ್ಯವಾಚನದಿಂದ ಆ ಪ್ರಸಾರ ಮೊದಲಾಯಿತು. ಮನೆಯ ಒಂದು ದೀಪಕ್ಕೆ ಸಾಲುವಷ್ಟು ಶಕ್ತಿಯಲ್ಲಿ ಒಂದು ನಾಡಿಗೆ ಬೆಳಕು ಕೊಟ್ಟ ಸಾಹಸವದು. ಆದರೆ ಆಗಿನ ಪ್ರಸಾರವೆಂದರೆ ನೇರವಾಗಿ ಆಡಿದ ಮಾತು. ಬಾಯಿಂದ ಹೊರಟು, ಕಿವಿಗೆ ತಲುಪಿ, ಗಾಳಿಯಲ್ಲಿ ಕರಗಿಹೋಗುತ್ತಿತ್ತು. ಮುಂದೆ ಟೇಪು ಬಂದಿತು. ಬಂದರೂ ಅದು ಬೆಲೆಯುಳ್ಳ ವಸ್ತು. ಬಿಬಿಸಿಯಂಥ ಶ್ರೀಮಂತ ಸಂಸ್ಥೆಯೇ 1960 ಮತ್ತು 70ರ ದಶಕಗಳಲ್ಲಿ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ, ಅದೇ ಟೇಪಿನ ಮೇಲೆ ಬೇರೆಯದನ್ನು ಮುದ್ರಿಸಿತು.

ಅಚ್ಚಾದ ಪುಸ್ತಕವಿರುವಾಗ ಧ್ವನಿಯೇಕೆ ಎಂದು ಕೇಳುವವರುಂಟು. ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ವೆಂಕಟೇಶ ಅಯ್ಯಂಗಾರ್ಯರು ಬಂದರು. ಮುಳಬಾಗಿಲಿನಲ್ಲಿ 1887ರಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದರು. ಒಬ್ಬರ ಮನೆಮಾತು ತಮಿಳು. ಇನ್ನೊಬ್ಬರ ಊರು ತೆಲುಗು ನಾಡಿನ ಬಾಗಿಲು. ಇಂಥವರ ನಾಲಗೆಯ ಮೇಲೆ ಕನ್ನಡ ಹೇಗೆ ನಡೆಯುತ್ತಿತ್ತು, ಎಲ್ಲಿ ನಿಲ್ಲುತ್ತಿತ್ತು, ಎಲ್ಲಿ ನಗುತ್ತಿತ್ತು ಎಂಬುದನ್ನು ಯಾವ ಮೊಳೆಯೂ ಅಚ್ಚಿಗಿಳಿಸಲಾರದು. ಇದು ದೊಡ್ಡವರ ಮಾತಾಯಿತು. ಸಾಮಾನ್ಯರ ಮಾತು ಪುಸ್ತಕವನ್ನೇ ಸೇರಲಿಲ್ಲ. ಅವರ ಪಾಲಿಗೆ ಧ್ವನಿಯೇ ಪ್ರಥಮ ಪ್ರತಿ, ಅದೇ ಅಂತಿಮ ಪ್ರತಿ.

ಇದನ್ನು ನನಗೆ ಮನಗಾಣಿಸಿದ್ದು ಒಂದು ಹಳೆಯ ಕ್ಯಾಸೆಟ್. ಮನೆಯಲ್ಲಿರುವ ಹಳೆಯ ಧ್ವನಿಗಳನ್ನು ಹುಡುಕಿರೆಂದು ನಾನು ತರಗತಿಯಲ್ಲಿ ಹೇಳಿದಾಗ ಶ್ರೀನಿವಾಸಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ತಂದಳು. ಒಳಗಿನ ಸುರುಳಿಗೆ ಬೂಷ್ಟು ಹಿಡಿದಿತ್ತು. ಅದನ್ನು ಒರೆಸಿ, ಬೇರೆ ಕ್ಯಾಸೆಟ್ಟಿನ ಗೂಡಿಗೆ ಸೇರಿಸಿ, ಅವರ ಮನೆಯಲ್ಲಿಯೇ ಹಾಕಿದೆವು. ಕಾಲವಾದ ಅಜ್ಜಿ ಕನ್ನಡದಲ್ಲಿ ಬೀಸುವ ಪದ ಹೇಳುತ್ತಿದ್ದರು. ನಡುವೆ ಮಗುವೊಂದು ಗಲಾಟೆ ಮಾಡಿತು. ಅಜ್ಜಿ ಹಾಡನ್ನು ತಟ್ಟನೆ ನಿಲ್ಲಿಸಿ, “ಊರಕುಂಡ್ರಾ!” ಎಂದು ತೆಲುಗಿನಲ್ಲಿ ಗದರಿ, ಬಿಟ್ಟಲ್ಲಿಂದಲೇ ಕನ್ನಡವನ್ನು ಎತ್ತಿಕೊಂಡರು. ಅಲ್ಲಿಯವರೆಗೆ ಹಾಡನ್ನು ಸಮಾಧಾನದಿಂದ ಕೇಳುತ್ತಿದ್ದ ಹುಡುಗಿಯ ತಂದೆ ಎದ್ದು ಹೊರಗೆ ಹೋದರು. ಮಾವಿನ ಮಂಡಿಯಲ್ಲಿ ಹತ್ತಾರು ಜನರನ್ನು ಗದರಿಸುವ ಮನುಷ್ಯ ಅವರು. ಅಂದು ಗದರಿಸಿಕೊಂಡ ಮಗು ಅವರೇ. ಆ ಹಾಡಿನ ಪಾಠವನ್ನು ನಾನು ಬರೆದುಕೊಳ್ಳಬಲ್ಲೆ. ಆ ಗದರಿಕೆಯನ್ನು ಯಾವ ಲಿಪಿಯಲ್ಲಿ ಬರೆಯಲಿ? ಎರಡು ಭಾಷೆಗಳ ನಡುವೆ ಹೊಸಿಲೇ ಇಲ್ಲದಂತೆ ಬದುಕುವ ನಮ್ಮ ಸೀಮೆಯ ಚರಿತ್ರೆ ಆ ಅರೆಗಳಿಗೆಯಲ್ಲಿತ್ತು.

ದೊಡ್ಡ ಭಂಡಾರಗಳು ತಮ್ಮ ಕೆಲಸ ಮಾಡುತ್ತಿವೆ. ಆಕಾಶವಾಣಿಯು 2003ರಿಂದ ತನ್ನ ಸಂಗ್ರಹದ ಸಂಗೀತವನ್ನು ಜನರ ಕೈಗೂ ಮುಟ್ಟಿಸಿತು. ಆದರೆ ನಮ್ಮ ನಿಮ್ಮ ಅಜ್ಜಿಯರನ್ನು ಅರಸಿಕೊಂಡು ಅವು ಎಲ್ಲಿಯವರೆಗೆ ಬಂದಾವು? ಟೇಪಾದರೋ ಕಲ್ಲಲ್ಲ, ಕಾಯುತ್ತ ಕೂರುವುದಿಲ್ಲ. ಹಳೆಯ ಅಸಿಟೇಟ್ ಸುರುಳಿ ಕೊಳೆಯತೊಡಗಿದರೆ ವಿನಿಗರಿನ ಹುಳಿ ವಾಸನೆ ಹೊಡೆಯುತ್ತದೆ. ಕೆಲವು ಟೇಪುಗಳ ಅಂಟು ಕರಗಿ ಹಲಸಿನ ಮೇಣದಂತೆ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ಅಟ್ಟದ ಸೆಕೆ, ಗೋಡೆಯ ತೇವ ಎರಡೂ ಅವಕ್ಕೆ ಶತ್ರುಗಳು. ಕೆಡುವ ಮುನ್ನ ಗಣಕಯಂತ್ರಕ್ಕೆ ಇಳಿಸಿಕೊಂಡು, ಪ್ರತಿಗಳನ್ನು ಎರಡು ಮೂರು ಕಡೆ ಇಡುವುದು ಜಾಣತನ. ಯಾರ ಧ್ವನಿ, ಯಾವ ಊರು, ಯಾವ ವರ್ಷ ಎಂಬುದನ್ನು ಜೊತೆಯಲ್ಲಿಯೇ ಬರೆದಿಡಬೇಕು. ಗೌಹರ್ ಜಾನ್ ಕಲಿಸಿದ ಪಾಠವಿದು: ಹೆಸರಿಲ್ಲದ ಧ್ವನಿ ಎರಡು ತಲೆಮಾರಿನ ಬಳಿಕ ಅನಾಥ.

ಇನ್ನೊಂದು ಮಾತು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಪುಟ್ಟ ಹಲ್ಲುಗಳಿರುತ್ತವೆ; ಅವನ್ನು ಮುರಿದುಬಿಟ್ಟರೆ ಅಜ್ಜಿಯ ಹಾಡಿನ ಮೇಲೆ ಯಾರೂ ಕೈತಪ್ಪಿ ಸಿನಿಮಾ ಹಾಡನ್ನು ಮುದ್ರಿಸಲಾರರು. ಅಷ್ಟು ಸಾಲದೆಂದು ತೋರಿದರೆ ನಮ್ಮ ಶಾಸನಕಾರರ ಉಪಾಯ ಇದ್ದೇ ಇದೆ. ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲೆಂದು ಅವರು ಕಲ್ಲಿನ ಕೊನೆಯಲ್ಲಿ ಕೊರೆಯುತ್ತಿದ್ದರು. ಕ್ಯಾಸೆಟ್ಟಿನ ಚೀಟಿ ಚಿಕ್ಕದು, ನಿಜ. ಆದರೆ ಸಣ್ಣ ಅಕ್ಷರದಲ್ಲಿ ಬರೆದರೆ ಆ ಒಂದು ಸಾಲಿಗೆ ಅಲ್ಲಿ ಸ್ಥಳವಿದೆ.