ಕಪ್ಪು ಕಾರಿನ ಚಳಿಗಾಲ

ಕಾರು ತೊಳೆಯುವುದೂ ಬರೆಯುವಂಥ ವಿಷಯವೇ ಎಂದು ಓದುಗ ಬಂಧುಗಳು ಕೇಳಬಹುದು. ಕಪ್ಪು ಕಾರೊಂದು ನಮ್ಮ ಅಂಗಳಕ್ಕೆ ಬರುವ ತನಕ ನಾವೂ ಹಾಗೆಯೇ ಕೇಳುತ್ತಿದ್ದೆವು. ಈಗ ನಮಗೆ ಆ ಧೈರ್ಯವಿಲ್ಲ.

ನಮ್ಮ ಮೂಲ ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಶಾಲೆಯ ನೌಕರಿಯ ನಿಮಿತ್ತ ಘಟ್ಟವಿಳಿದು ಬಂದ ನಾವು ಈಗ ಹಲವು ವರ್ಷಗಳಿಂದ ಕುಂದಾಪುರ ಸೀಮೆಯ ಅಮಾಸೆಬೈಲಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. 2021ರಲ್ಲಿ ಒಂದು ಹಳೆಯ ಕಾರನ್ನು ಕೊಂಡಾಗ ಬಣ್ಣವನ್ನು ಆರಿಸಿದವಳು ಮಗಳು. ಬಿಳಿಯದೂ ಒಂದಿತ್ತು, ಕಪ್ಪೇ ಆಗಬೇಕೆಂದು ಅವಳು ಹಟ ಹಿಡಿದಳು. ನೆಂಟರಲ್ಲಿ ಕೆಲವರು ಮೂಗು ಮುರಿದರು. ಅಮಾಸೆಯ ಹೆಸರು ಹೊತ್ತ ಊರಿಗೆ ಅಮಾಸೆಯ ಬಣ್ಣದ ಕಾರು ಒಪ್ಪುತ್ತದೆಯೆಂದು ನಾವು ನಗೆಯಾಡಿ ಸುಮ್ಮನಾದೆವು. ಅಮೆರಿಕದ ಫೋರ್ಡ್ ಕಂಪನಿಯವರು 1914ರಿಂದ 1925ರವರೆಗೆ ತಮ್ಮ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರವೇ ಮಾರಿದರಂತೆ. ಆ ಕಾಲದ ಮಣ್ಣು ರಸ್ತೆಗಳಲ್ಲಿ ಅವನ್ನು ಕೊಂಡವರು ಏನು ಪಾಡು ಪಟ್ಟಿರಬಹುದೆಂದು ಈಗ ಒಮ್ಮೊಮ್ಮೆ ಯೋಚಿಸುತ್ತೇವೆ.

ಮಳೆಗಾಲದಲ್ಲಿ ನಮಗೆ ತೊಂದರೆ ತಿಳಿಯಲಿಲ್ಲ. ಘಟ್ಟದ ಬುಡದ ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಾರನ್ನು ತೊಳೆಯುತ್ತದೆ. ತೊಂದರೆ ಆರಂಭವಾದದ್ದು ಕಾರ್ತಿಕ ಕಳೆದ ಮೇಲೆ. ಮಳೆ ನಿಂತು ರಸ್ತೆಯಂಚಿನ ಕೆಮ್ಮಣ್ಣು ಒಣಗಿ ಹಾರತೊಡಗುತ್ತದೆ. ಅಂಗಳದಲ್ಲಿ ಅಡಿಕೆ ಹರವುತ್ತಾರೆ. ಅದರ ಪುಡಿಯೂ ಸೇರಿಕೊಳ್ಳುತ್ತದೆ. ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಕಾರಿನ ತಗಡು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಯಾಗಿ ನಿಲ್ಲುತ್ತದೆ. ಬೆಳಗಿನ ಜಾವ ನೋಡಿದರೆ ಕಾರು ಮಿಂದು ನಿಂತಂತೆ ಕಾಣುತ್ತದೆ. ಎಂಟು ಗಂಟೆಯ ಬಿಸಿಲಿಗೆ ಆ ಹನಿಗಳು ಒಣಗಿದಾಗ ಪ್ರತಿಯೊಂದು ಹನಿಯೂ ತನ್ನೊಳಗಿದ್ದ ಧೂಳನ್ನು ಒಂದೊಂದು ಉಂಗುರವಾಗಿ ಬಿಟ್ಟುಹೋಗುತ್ತದೆ. ಬಿಳಿ ಕಾರಿನಲ್ಲಿ ಇದು ಕಣ್ಣಿಗೆ ಬೀಳುವುದು ಕಡಿಮೆ. ಕಪ್ಪು ಬಣ್ಣ ತಾನು ಬೆಳಕನ್ನು ನುಂಗಿಬಿಡುವುದರಿಂದ ಅದರ ಮೇಲೆ ಕುಳಿತ ಪ್ರತಿ ಕಣವೂ ಬೆಳಕು ಚೆದುರಿಸಿ ತನ್ನನ್ನು ತೋರಿಸಿಕೊಳ್ಳುತ್ತದೆ.

ನಮ್ಮ ತಂದೆಯವರು ನಮ್ಮಲ್ಲಿಗೆ ಬಂದದ್ದು 2022ರ ದೀಪಾವಳಿಯ ನಂತರ. ಆ ವರ್ಷ ತಾಯಿಯವರು ಲಿಂಗೈಕ್ಯರಾಗಿದ್ದರು. ಊರಿನ ಹೊಲವನ್ನು ಪಾಲಿಗೆ ಕೊಟ್ಟು, ಎತ್ತುಗಳನ್ನು ಮಾರಿ, ಒಂದು ಟ್ರಂಕು ಮತ್ತು ಪೂಜೆಯ ಸಾಮಾನುಗಳೊಂದಿಗೆ ಅಪ್ಪಾಜಿ ಬಂದಿಳಿದರು. ಎಂಬತ್ತು ದಾಟಿದ ವಯಸ್ಸು. ಇಲ್ಲಿಯ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಅವರ ಮಾತು ಇಲ್ಲಿಯವರಿಗೂ ಅಷ್ಟೇ. ನಸುಕಿನಲ್ಲೆದ್ದು ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಂಗಳಕ್ಕೆ ಬಂದು ಹೆಗಲ ಮೇಲಿನ ವಲ್ಲಿಯಿಂದ ಕಾರನ್ನು ಒರೆಸುವುದು ಅವರು ತಾವಾಗಿಯೇ ವಹಿಸಿಕೊಂಡ ಕೆಲಸವಾಯಿತು. ನಮಗೆ ಅದು ಅನುಕೂಲವೇ ಆಗಿತ್ತು. ಅವರು ಹೇಗೆ ಒರೆಸುತ್ತಾರೆಂದು ಒಂದು ದಿನವೂ ನಿಂತು ನೋಡಲಿಲ್ಲ.

2023ರ ಜನವರಿಯ ಒಂದು ಮಧ್ಯಾಹ್ನ, ಕುಂದಾಪುರದಲ್ಲಿ ಕಾರು ನಿಲ್ಲಿಸಿ ಹಿಂತಿರುಗಿ ಬರುವಾಗ, ನೆತ್ತಿಯ ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಜೇಡರಬಲೆಯೊಂದು ಹರಡಿದಂತೆ ಕಂಡಿತು. ಕೈಯಿಂದ ಸವರಿದೆವು; ಹೋಗಲಿಲ್ಲ. ಸೂರ್ಯನ ಬಿಂಬದ ಸುತ್ತ ಸಾವಿರ ಎಳೆಗಳು ಸುತ್ತು ಸುತ್ತಾಗಿ ಹೊಳೆಯುತ್ತಿದ್ದವು. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ; ಬೆಳಕಿಗೆ ಅಡ್ಡಲಾಗಿ ಬಿದ್ದವು ಮಾತ್ರ ಹೊಳೆಯುವುದರಿಂದ ಕಣ್ಣಿಗೆ ಬಲೆಯಂತೆ ತೋರುತ್ತದೆ ಎಂಬುದು ಆಮೇಲೆ ತಿಳಿದ ವಿಷಯ. ಆ ಕ್ಷಣದಲ್ಲಿ ತಿಳಿದದ್ದು ಒಂದೇ: ಮೂರು ತಿಂಗಳು ಧೂಳಿನ ಮೇಲೆ ಒಣ ವಲ್ಲಿ ಆಡಿದೆ.

ಈ ಕೆಮ್ಮಣ್ಣಿನ ಕುರಿತು ಒಂದು ಮಾತು ಹೇಳಬೇಕು. ಕರಾವಳಿಯ ಮನೆಗಳಿಗೆ ಕಡಿದು ತರುವ ಕೆಂಪುಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1801ರಲ್ಲಿ ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತನ ಗ್ರಂಥ 1807ರಲ್ಲಿ ಅಚ್ಚಾಯಿತು. ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಆ ಹೆಸರನ್ನು ಮಾಡಿದ. ಕಬ್ಬಿಣದ ಅಂಶದಿಂದ ಕೆಂಪಾದ ಈ ಕಲ್ಲು ಸವೆದಾದ ಪುಡಿ ಮುಟ್ಟಿದರೆ ಕುಂಕುಮದಂತೆ ಮೃದುವಾಗಿರುತ್ತದೆ. ಆದರೆ ರಸ್ತೆಯ ಧೂಳಿನಲ್ಲಿ ಅದರೊಂದಿಗೆ ಬೆಣಚುಕಲ್ಲಿನ ಕಣಗಳೂ ಇರುತ್ತವೆ, ಅವು ಗಾಜಿಗಿಂತ ಗಟ್ಟಿ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಹೊಳಪಿಗಾಗಿ ಬಳಿದಿರುವ ಪಾರದರ್ಶಕ ಪದರವಾದರೋ ಒಂದು ತಲೆಗೂದಲಿನಷ್ಟೂ ದಪ್ಪವಿರುವುದಿಲ್ಲ. ಒಣ ಬಟ್ಟೆಯ ಕೆಳಗೆ ಆ ಕಣ ಸಿಕ್ಕಿತೆಂದರೆ ಉಜ್ಜುಗಾಗದವಾಗಿಬಿಡುತ್ತದೆ.

ಆ ಸಂಜೆ ಮನೆಗೆ ಬಂದವರೇ ನಾವು ಆಡಬಾರದ ಮಾತನ್ನು ಆಡಿದೆವು. "ಇಷ್ಟು ದಿನ ಒರೆಸಿದ್ದು ಸಾಕು, ಇನ್ನು ಮೇಲೆ ಕಾರನ್ನು ಮುಟ್ಟಬೇಡಿ" ಎಂದೆವು. ದನಿಯೂ ಏರಿತ್ತು. ಅಪ್ಪಾಜಿ, "ಎತ್ತಿನ ಮೈ ಹಿಂಗ ಒರಸ್ತಿದ್ವಿ ತಮ್ಮಾ, ಇದಕ್ಕ ಹಿಂಗ ಆಗ್ತದಂತ ಗೊತ್ತಿರಲಿಲ್ಲ" ಎಂದಷ್ಟೇ ಹೇಳಿ ವಲ್ಲಿಯನ್ನು ಮಡಚಿ ಒಳಗೆ ಹೋದರು.

ಮರುದಿನದಿಂದ ಅವರು ಅಂಗಳಕ್ಕೆ ಬರಲಿಲ್ಲ. ಪೂಜೆ ಮುಗಿಸಿ ಒಳಗಿನ ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದರು. ಕೇಳಿದರೆ ಚಳಿ ಎನ್ನುತ್ತಿದ್ದರು. ಬಯಲುಸೀಮೆಯ ಮಾಗಿಯನ್ನು ಕಂಡ ದೇಹಕ್ಕೆ ಅಮಾಸೆಬೈಲಿನದು ಯಾವ ಚಳಿ! ಹೀಗೆಯೇ ಇಪ್ಪತ್ತು ದಿನಗಳು ಕಳೆದಿರಬೇಕು. ಒಂದು ರಾತ್ರಿ ನಮ್ಮ ಮನೆಯವರು ಹೇಳಿದರು: "ಮಾವನವರಿಗೆ ನಾಲ್ಕು ಗಂಟೆಯ ಮೇಲೆ ನಿದ್ದೆಯಿಲ್ಲ. ಊರಿನಲ್ಲಿದ್ದಾಗ ಆ ಹೊತ್ತಿಗೆ ಎದ್ದು ಎತ್ತುಗಳಿಗೆ ಮೇವು ಹಾಕುತ್ತಿದ್ದರು, ಅತ್ತೆಯವರು ಒಲೆ ಹಚ್ಚುತ್ತಿದ್ದರು. ಇಲ್ಲಿ ಅವರಿಗೆ ಎದ್ದು ಮಾಡಲಿಕ್ಕೆ ಇದ್ದದ್ದು ಅದೊಂದೇ." ನಾವು ಉತ್ತರ ಕೊಡಲಿಲ್ಲ. ಕ್ಷಮೆ ಕೇಳಬೇಕೆಂದು ಅನ್ನಿಸಿತು. ತಂದೆಯ ಮುಂದೆ ಅದನ್ನು ಹೇಗೆ ಕೇಳುವುದೆಂದು ನಮ್ಮಂಥ ಮನೆಗಳಲ್ಲಿ ಯಾರೂ ಕಲಿಸಿರುವುದಿಲ್ಲ.

ಈ ಮಧ್ಯೆ ಕಾರಿನ ಆರೈಕೆಯೂ ನಮ್ಮಿಂದಾಗಿರಲಿಲ್ಲ. ಇಬ್ಬನಿ ತಪ್ಪಿಸಲೆಂದು ಮಾವಿನ ಮರದಡಿ ನಿಲ್ಲಿಸಿದೆವು. ಆಗ ಮಾವು ಹೂ ಬಿಟ್ಟಿತ್ತು. ಹೂವಿನ ರಸ ಹೀರುವ ಜಿಗಿಹುಳುಗಳು ಒಂದು ಸಿಹಿಯಾದ ಅಂಟನ್ನು ಸುರಿಸುತ್ತವೆ; ಕಾರಿನ ಮೇಲೆಲ್ಲ ಬೆಲ್ಲದ ಪಾಕ ಚಿಮುಕಿಸಿದಂತಾಯಿತು. ಬಿಟ್ಟರೆ ಅದರ ಮೇಲೆ ಕರಿಯ ಬೂಷ್ಟು ಬೇರೆ ಬೆಳೆಯುತ್ತದೆ. ಹಕ್ಕಿಗಳ ಹಿಕ್ಕೆಯಂತೂ ಆಮ್ಲವೇ ಸರಿ, ಬಿಸಿಲಿಗೆ ಕಾದ ಕಪ್ಪು ತಗಡಿನ ಮೇಲೆ ಒಂದು ದಿನ ಉಳಿದರೂ ಗುರುತು ಕೊರೆಯುತ್ತದೆ. ಮೇಲು ಹೊದಿಕೆಯೊಂದನ್ನು ತಂದು ಹೊದಿಸಿದೆವು. ಧೂಳಿದ್ದ ಮೈಮೇಲೆ ಅದು ಗಾಳಿಗೆ ಬಡಿದಾಡಿ ಬಾಗಿಲ ಅಂಚುಗಳಲ್ಲಿ ಹೊಸ ಗೀರುಗಳನ್ನೇ ಮಾಡಿತು. ಆ ಗೀರುಗಳಿಗೆ ಯಾರನ್ನು ಗದರುವುದು?

ದಾರಿ ತೋರಿಸಿದವರು ನೆರೆಮನೆಯವರು. ಬಾಡಿಗೆ ಜೀಪು ಓಡಿಸುವ ಅವರು ನಾವು ಒದ್ದೆ ಬಟ್ಟೆ ಹಿಡಿದು ಒದ್ದಾಡುವುದನ್ನು ಬೇಲಿಯಾಚೆಯಿಂದ ನೋಡಿ, "ಮಾಸ್ಟ್ರೆ, ಬಟ್ಟಿ ಮುಟ್ಸುಕ್ ಮುಂಚೆ ನೀರ್ ಹೊಯ್ಕ್. ಮಣ್ಣ್ ನೀರಂಗೇ ಹೋಯ್ಕ್, ಬಟ್ಟಿಯಂಗಲ್ಲ" ಎಂದರು. ಎರಡು ಬಕೆಟ್ ಬೇಕು, ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು ಎಂದೂ ಅವರೇ ಹೇಳಿದರು. ಪಾತ್ರೆ ಬೆಳಗುವ ಸೋಪು ಕೂಡದು, ಅದು ಮೇಲಿನ ಮೇಣದ ಲೇಪವನ್ನು ಕಿತ್ತುಹಾಕುತ್ತದೆ. ಕಾರಿನದೇ ಶಾಂಪೂ ಆಗಬೇಕು. ಒರೆಸುವುದಕ್ಕೆ ಹತ್ತಿಯ ಬೈರಾಸು ಬೇಡ, ನವಿರಾದ ಮೈಕ್ರೋಫೈಬರ್ ಬಟ್ಟೆ ಬೇಕು.

ಇಷ್ಟನ್ನೂ ಶಾಲೆಗೆ ಹೊರಡುವ ಮೊದಲು, ಬಿಸಿಲು ಬೀಳುವುದರೊಳಗೆ ಒಬ್ಬರೇ ಮಾಡಿ ಮುಗಿಸಲಾಗದು. ಒಂದು ಬದಿ ಒರೆಸುವುದರೊಳಗೆ ಇನ್ನೊಂದು ಬದಿ ಒಣಗಿ ಕಲೆ ಕಟ್ಟುತ್ತದೆ. ಒಂದು ಬೆಳಗ್ಗೆ ಒಳಗೆ ಹೋಗಿ, "ಅಪ್ಪಾಜಿ, ನೀರು ಹೊಯ್ಯಲಿಕ್ಕೆ ಒಬ್ಬರು ಬೇಕು" ಎಂದೆವು. ಸಮಾಧಾನಪಡಿಸುವ ಉಪಾಯವೆಂದು ಅವರು ತಿಳಿದರೋ ಏನೋ, ಕೊಂಚ ಹೊತ್ತು ಏಳಲಿಲ್ಲ. ನಮಗೆ ನಿಜವಾಗಿಯೂ ಒಬ್ಬರು ಬೇಕಾಗಿತ್ತು. ಹಿತ್ತಾಳೆಯ ತಂಬಿಗೆ ತೆಗೆದುಕೊಂಡು ಬಂದರು.

ನಾವು ಚಕ್ರದಿಂದ ಆರಂಭಿಸಲು ಹೊರಟಿದ್ದೆವು, ಕೆಸರು ಹೆಚ್ಚಿದ್ದದ್ದು ಅಲ್ಲಿಯೇ. ಅವರು ತಡೆದರು. "ಕಾರಹುಣ್ಣಿಮೀಗೆ ಎತ್ತು ತೊಳಿಯೋವಾಗ ಕಾಲಿಂದ ಸುರು ಮಾಡ್ತಾರೇನು? ಬೆನ್ನಿಂದ ಇಳೀಬೇಕು" ಎಂದರು. ಸರಿಯಾದ ಮಾತು. ಮೇಲಿನಿಂದ ಕೆಳಗಿಳಿಯಬೇಕು, ಚಕ್ರ ಕಟ್ಟಕಡೆಗೆ. ಅತಿ ಹೆಚ್ಚು ಮರಳಿರುವುದು ಕೆಳಗೇ. ಬಟ್ಟೆ ಒಮ್ಮೆ ನೆಲಕ್ಕೆ ಬಿದ್ದರೆ ಜಾಡಿಸಿ ಮತ್ತೆ ಬಳಸಬಾರದೆಂಬುದನ್ನು ಮಾತ್ರ ನಾವು ಹೇಳಬೇಕಾಯಿತು. ಅವರಿಗೆ ಅದು ತಕ್ಷಣ ಅರ್ಥವಾಯಿತು. ಲಿಂಗ ಒರೆಸುವ ವಸ್ತ್ರ ಕೈಜಾರಿ ಬಿದ್ದರೆ ಒಗೆಯದೆ ಮುಟ್ಟದವರು ಅವರು.

ಕಾರು ನಿಲ್ಲಿಸುವ ಜಾಗದ ತೊಡಕನ್ನೂ ಅವರೇ ಬಿಡಿಸಿದರು. ಬಯಲಲ್ಲಿ ಇಬ್ಬನಿ, ಮರದಡಿ ಅಂಟು. "ಎತ್ತು ಎಲ್ಲಿ ಮಲಗ್ತಾವ? ಕೊಟ್ಟಿಗ್ಯಾಗ" ಎಂದು ಮನೆಯ ಯಜಮಾನರ ಖಾಲಿ ಹಟ್ಟಿಯ ಕಡೆ ಕೈ ತೋರಿದರು. ಯಜಮಾನರು ಸಂತೋಷದಿಂದ ಒಪ್ಪಿದರು. ಮೇಲೆ ಸೂರಿದ್ದರೆ ತಗಡು ಆಕಾಶಕ್ಕೆ ಕಾವು ಬಿಡುವುದಕ್ಕೆ ಆಸ್ಪದವಿಲ್ಲ, ಇಬ್ಬನಿ ಕೂರುವುದಿಲ್ಲ. ಆದರೆ ಹಟ್ಟಿ ಚಿಕ್ಕದು. ಹಿಂದಿನ ಮುಕ್ಕಾಲು ಭಾಗ ಒಳಸೇರಿದರೆ ಬಾನೆಟ್ಟು ಹೊರಗೇ ಉಳಿಯುತ್ತದೆ. ಹೀಗಾಗಿ ಪ್ರತಿದಿನ ಬೆಳಗ್ಗೆ ತೊಳೆಯಬೇಕಾದದ್ದು ಬಾನೆಟ್ಟು ಮಾತ್ರ. ಅದಕ್ಕೆ ಒಂದು ಬಕೆಟ್ ನೀರು ಸಾಕು. ವಾರಕ್ಕೊಮ್ಮೆ ಇಡೀ ಕಾರು.

ಟೊರೊಂಟೊದಲ್ಲಿರುವ ನಮ್ಮ ಅಣ್ಣನ ಮಗ ಒಂದು ಭಾನುವಾರ ವಿಡಿಯೋ ಕರೆಯಲ್ಲಿ ಅಜ್ಜನ ಕೈಯಲ್ಲಿ ತಂಬಿಗೆ ಕಂಡು ನಕ್ಕ. ಅಲ್ಲಿ ಹಿಮ ಕಟ್ಟದಿರಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಆ ಉಪ್ಪು ಕಾರಿನ ಅಡಿಗೆ ಹತ್ತಿ ಕಬ್ಬಿಣವನ್ನು ತಿನ್ನುವುದರಿಂದ ಚಳಿಗಾಲದಲ್ಲಿ ಹೊಟ್ಟೆಯ ಕೆಳಗೂ ತೊಳೆಸಬೇಕಂತೆ. ಅಪ್ಪಾಜಿ ಗಂಭೀರವಾಗಿ ಕೇಳಿಕೊಂಡರು. ಆ ಬಳಿಕ ನಾವು ಮರವಂತೆಯ ಕಡಲಂಚಿನ ರಸ್ತೆಗೆ ಹೋಗಿ ಬಂದಾಗಲೆಲ್ಲ ಅಡಿಭಾಗಕ್ಕೂ ನೀರು ಹೊಡೆಯಬೇಕೆಂದು ಪಟ್ಟು ಹಿಡಿಯುತ್ತಾರೆ. ಕಡಲ ಗಾಳಿಯ ಉಪ್ಪೂ ಉಪ್ಪೇ, ಅಲ್ಲಗಳೆಯಲಾಗದು.

ಬಾನೆಟ್ಟಿನ ಗೀರುಗಳು ಹಾಗೆಯೇ ಇವೆ. ಯಂತ್ರದಿಂದ ಉಜ್ಜಿ ಅಳಿಸಬಹುದೆಂದು ಕುಂದಾಪುರದ ಒಂದು ಅಂಗಡಿಯವರು ಹೇಳಿದರು. ಅದು ಗೀರಿನ ಆಳದಷ್ಟು ಮೇಲಿನ ಪದರವನ್ನೇ ಸವೆಸುವ ಕೆಲಸ. ಹಲವು ಸಲ ಮಾಡಿಸಲಾಗದು. ಅವರು ಹೇಳಿದ ಹಣವೂ ಸಣ್ಣದಾಗಿರಲಿಲ್ಲ. ಬೇಡವೆಂದೆವು.

ಮಗಳು ಆ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಳು. ಮಧ್ಯಾಹ್ನದ ಬಿಸಿಲಿನಲ್ಲಿ ಬಾನೆಟ್ಟನ್ನು ಕಂಡು, "ಅಯ್ಯೋ, ಇದು ಯಾರು ಮಾಡಿದ್ದು?" ಎಂದಳು. ನಾವು ಏನೋ ಹೇಳಿ ಮಾತು ಮರೆಸಲು ನೋಡಿದೆವು. ಜಗಲಿಯ ಮೇಲಿದ್ದ ಅಪ್ಪಾಜಿ, "ನಾನವ್ವಾ" ಎಂದರು. ಅವಳು ಅಜ್ಜನನ್ನೂ ಕಾರನ್ನೂ ಒಮ್ಮೆ ನೋಡಿ ಏನೂ ಅನ್ನಲಿಲ್ಲ. ಮರುದಿನ ನಸುಕಿನಲ್ಲಿ ಹಟ್ಟಿಯ ಬಳಿ ಬಕೆಟ್ಟಿನ ಸಪ್ಪಳ ಕೇಳಿ ಎದ್ದುಹೋದರೆ, ಅಜ್ಜ ತಂಬಿಗೆಯಿಂದ ಹೊಯ್ಯುತ್ತಿದ್ದರು, ಮೊಮ್ಮಗಳು ಒರೆಸುತ್ತಿದ್ದಳು, ಬೆನ್ನಿಂದ ಇಳೀಬೇಕು ಎಂದು ಅವರು ಅವಳಿಗೂ ಹೇಳುತ್ತಿದ್ದರು.