ಹತ್ತು ಪೈಸೆ, ಒಂದು ಸೆಕೆಂಡು

ರಜೆಗೆಂದು ಮಣಿಪಾಲದಿಂದ ಕಾರ್ಕಳದ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಗೋಡೆ ಗಡಿಯಾರ ನೋಡಿ, "ಅಜ್ಜ, ಇದು ಮೊಬೈಲಿಗಿಂತ ಎರಡು ನಿಮಿಷ ಹಿಂದೆ ಉಂಟು" ಎಂದಳು. ಸರಿಮಾಡಲು ಸ್ಟೂಲ್ ಹತ್ತಿದೆ. ಕೆಳಗಿನಿಂದ ಇನ್ನೊಂದು ಪ್ರಶ್ನೆ: "ಮೊಬೈಲಿನದ್ದೇ ಸರಿ ಅಂತ ಹೇಳುವುದು ಯಾರು?"

ಇಳಿದು ಕುಳಿತು ಹೇಳಿದೆ: "ನಮ್ಮ ದೇಶಕ್ಕೆ ಸಮಯ ಹೇಳುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು. ಸೀಸಿಯಂ ಪರಮಾಣುವಿನ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳಿಗೆ ಒಂದು ಸೆಕೆಂಡು. 1967ರಿಂದ ಇದೇ ಲೆಕ್ಕ."

ಆದರೆ ಹಗಲು ರಾತ್ರಿ ಮಾಡುವ ಭೂಮಿಯ ಸುತ್ತು ಅಷ್ಟು ಕರಾರುವಾಕ್ಕಲ್ಲ. ಕಾಪುವಿನ ಕಡಲಲ್ಲಿ ನಾವು ನೋಡುವ ಉಬ್ಬರವಿಳಿತವೂ ಅದಕ್ಕೆ ಮೆಲ್ಲಗೆ ಬ್ರೇಕ್ ಹಾಕುತ್ತದೆ. ಹೀಗೆ ಎರಡು ಲೆಕ್ಕಗಳು ಟ್ಯಾಲಿ ಆಗುವುದಿಲ್ಲ. ಪಂಚಾಂಗದಲ್ಲಿ ಅಧಿಕ ಮಾಸ ಬರುವಂತೆ, 1972ರಿಂದ 27 ಸಲ ಒಂದೊಂದು ಲೀಪ್ ಸೆಕೆಂಡು ಸೇರಿಸಿದ್ದಾರೆ. ಕೊನೆಯದ್ದು ನಮ್ಮಲ್ಲಿ ಬಂದದ್ದು 2017ರ ಜನವರಿ 1ರ ಬೆಳಿಗ್ಗೆ, 5 ಗಂಟೆ 29 ನಿಮಿಷ 60ನೇ ಸೆಕೆಂಡಿಗೆ.

"ಅರುವತ್ತನೇ ಸೆಕೆಂಡು ಅಂತ ಉಂಟಾ?"

ಕಂಪ್ಯೂಟರಿಗೂ ಅದೇ ತಲೆನೋವು. ಹೆಚ್ಚಿನವು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ. ಅವುಗಳ ಪುಸ್ತಕದಲ್ಲಿ ದಿನಕ್ಕೆ 86,400 ಸಾಲು ಮಾತ್ರ; ಹೆಚ್ಚಿನ ಒಂದಕ್ಕೆ ಜಾಗವಿಲ್ಲ. ಹಾಗಾಗಿ ಕೆಲವು ಒಂದೇ ಅಂಕಿಯನ್ನು ಎರಡು ಸಲ ಎಣಿಸುತ್ತವೆ. ಇನ್ನು ಕೆಲವು ಗಂಟೆಗಟ್ಟಲೆ ತುಸು ನಿಧಾನವಾಗಿ ನಡೆದು ಆ ಸೆಕೆಂಡನ್ನು ಕರಗಿಸಿಬಿಡುತ್ತವೆ.

ಇದನ್ನು ಹೇಳುವಾಗ ನನ್ನದೇ ಹಳೆಯ ತಪ್ಪು ನೆನಪಾಯಿತು. ಬಿ.ಕಾಂ. ಮುಗಿಸಿ ಕಾಪುವಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಹೊಸತು. ಒಂದು ಸಂಜೆ ನಗದಿನಲ್ಲಿ ಹತ್ತು ಪೈಸೆ ಕಡಿಮೆ. ಕೊನೆಯ ಬಸ್ಸಿನ ಅವಸರ. ಕಿಸೆಯಿಂದ ಹತ್ತು ಪೈಸೆ ಹಾಕಿ ಲೆಕ್ಕ ಸರಿಯೆಂದು ಸಹಿ ಮಾಡಿದೆ. ಮರುದಿನ ಮೇಜಿನಡಿಯಲ್ಲಿ ನಾಣ್ಯ ಸಿಕ್ಕಿ, ಹತ್ತು ಪೈಸೆ ಹೆಚ್ಚಾಯಿತು! ಮ್ಯಾನೇಜರರು ಕರೆದು, "ವ್ಯತ್ಯಾಸ ಬಂದದ್ದು ತಪ್ಪಲ್ಲ ಮಾರಾಯ. ಬರೆಯದೆ ಮುಚ್ಚಿದ್ದು ತಪ್ಪು" ಎಂದರು. ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ನಾವಿಕ್ ಉಪಗ್ರಹಗಳ ಕೇಂದ್ರವಿದೆ. ನಾವಿಕ್ ತನ್ನ ಗಡಿಯಾರಕ್ಕೆ ಲೀಪ್ ಸೆಕೆಂಡು ಸೇರಿಸುವುದಿಲ್ಲ. ಈಗ ಅದು ಲೋಕದ ಸಮಯಕ್ಕಿಂತ 18 ಸೆಕೆಂಡು ಮುಂದೆ. ಆದರೆ ಆ ವ್ಯತ್ಯಾಸ ಎಷ್ಟೆಂದು ತಾನು ಕಳುಹಿಸುವ ಸಂದೇಶದಲ್ಲೇ ಹೇಳಿಬಿಡುತ್ತದೆ. ನಮ್ಮ ಮ್ಯಾನೇಜರರು ಮೆಚ್ಚುತ್ತಿದ್ದರು!

2035ರೊಳಗೆ ವ್ಯತ್ಯಾಸವನ್ನು ಒಂದು ಸೆಕೆಂಡಿಗಿಂತ ಹೆಚ್ಚು ಬೆಳೆಯಲು ಬಿಡುವುದೆಂದು 2022ರಲ್ಲಿ ದೇಶಗಳು ಸೇರಿ ನಿರ್ಧರಿಸಿವೆ.

"ಮತ್ತೆ ಅದನ್ನು ಸರಿಮಾಡುವುದು ಯಾರು, ಅಜ್ಜ?"

"ನಿನ್ನ ಮೊಮ್ಮಕ್ಕಳಿರಬಹುದು. ಎಷ್ಟು ಬಾಕಿ ಎಂದು ನೀವು ಸರಿಯಾಗಿ ಬರೆದಿಟ್ಟರೆ ಆಯಿತು."

ಅವಳು ಸ್ವಲ್ಪ ಯೋಚಿಸಿ ಒಂದು ಚೀಟಿ ಬರೆದಳು. ಗೋಡೆ ಗಡಿಯಾರದ ಕೆಳಗೆ ಅದು ಇನ್ನೂ ಇದೆ: "ಎರಡು ನಿಮಿಷ ಹಿಂದೆ." ಸ್ಟೂಲ್ ಹತ್ತಲು ನನಗೂ ಮನಸ್ಸಾಗಲಿಲ್ಲ.