ಸುಳಿ ಬಿಡಿಸಿ ಓದುವ ಸುಖ

ಗೋವಿನಜೋಳದ ಸುಳಿ ಬಿಡಿಸಿ ನೋಡುವುದೂ ಒಂದು ಬಗೆಯ ಓದು. ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲಗಳಲ್ಲಿ ಮುಂಗಾರು ಪೈರು ಮೊಣಕಾಲೆತ್ತರಕ್ಕೆ ಬಂದಾಗ ಈ ಓದಿಗೆ ಹದ. ಎಲೆಗೆ ಅಡ್ಡಲಾಗಿ ಸಾಲು ತೂತುಗಳಿದ್ದರೆ, ಎಲೆ ಸುರುಳಿಯಾಗಿದ್ದಾಗಲೇ ಹುಳು ಎಲ್ಲ ಮಡಿಕೆಗಳನ್ನೂ ಒಟ್ಟಿಗೆ ಕೊರೆದಿದೆ ಎಂದರ್ಥ. ಒಳಗೆ ಒದ್ದೆ ಕಟ್ಟಿಗೆಪುಡಿಯಂಥ ಹಿಕ್ಕೆ. ಅದನ್ನು ಸರಿಸಿದರೆ ಹುಳು ಸಿಗುತ್ತದೆ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’, ಬಾಲದ ಹತ್ತಿರ ಚೌಕದ ಮೂಲೆಗಳಲ್ಲಿಟ್ಟಂತೆ ನಾಲ್ಕು ಕಪ್ಪು ಚುಕ್ಕೆ. ಈ ಎರಡೂ ಗುರುತು ಕೂಡಿದರೆ ಅದು ನಮ್ಮ ಹಳೆಯ ಸೈನಿಕ ಹುಳುವಲ್ಲ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡ ಇದು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇನಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಹೀಗೆ ಪತ್ತೆ ಹಚ್ಚುವುದರಲ್ಲಿ ಸುಖವಿದೆ. ಆದರೆ ಕಂಡದ್ದನ್ನು ಬಲ್ಲವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿದಾಗಲೇ ಆ ಸುಖ ಪೂರ್ತಿಯಾಗುತ್ತದೆ.

‘ಬಂದದ್ದು ಬಂದಾಯಿತು, ಹೇಳಿ ಏನು ಫಲ?’ ಎನ್ನುವವರಿದ್ದಾರೆ. ಅದಕ್ಕೆ ಎರಡು ಕಥೆಗಳೇ ಉತ್ತರ. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟದ್ದು 1984ರಲ್ಲಿ. ಅಷ್ಟರಲ್ಲಿ ಕಸ ದೇಶವನ್ನೇ ಸುತ್ತಿತ್ತು. ಇಂದಿಗೂ ದಾರಿಬದಿಯೆಲ್ಲ ಅದರದೇ. ಪಪ್ಪಾಯಿಯ ಹಿಟ್ಟು ತಿಗಣೆಯ ಕಥೆ ಬೇರೆ. 2008ರಲ್ಲಿ ಕೊಯಮತ್ತೂರಿನಲ್ಲಿ ಅದರ ಗುರುತು ಸಿಕ್ಕಿತು. 2010ಕ್ಕೆ ಅದರ ವೈರಿಯಾದ ಪುಟ್ಟ ಕಣಜವನ್ನು ಪೋರ್ಟೊರಿಕೊದಿಂದ ತರಿಸಿದರು. ಪೀಡೆ ಹತೋಟಿಗೆ ಬಂತು. ಹುಳುವಿನ ಹೆಸರು ತಿಳಿದದ್ದರಿಂದಲೇ ಅದರ ವೈರಿಯನ್ನು ಹುಡುಕಲು ಸಾಧ್ಯವಾಯಿತು.

ಇನ್ನೊಂದು ಆಕ್ಷೇಪ ಚುರುಕಾದದ್ದು: ಗೋವಿನಜೋಳವೂ ಮೆಣಸಿನಕಾಯಿಯೂ ಅಮೆರಿಕದವೇ, ಹುಳುವೊಂದೇ ಪರಕೀಯವೇ? ನಿಜ, ತಕರಾರು ಹುಟ್ಟೂರಿನದಲ್ಲ. ತನ್ನನ್ನು ತಿನ್ನುವವರನ್ನೆಲ್ಲ ಹಿಂದೆ ಬಿಟ್ಟು ಬಂದದ್ದು ಇಲ್ಲಿ ಅಂಕೆಯಿಲ್ಲದೆ ಹೆಚ್ಚುತ್ತದೆ, ಅಷ್ಟೆ. ಹಾಗಿದ್ದರೆ ಕಂಡ ಹುಳಕ್ಕೆಲ್ಲ ಬೊಬ್ಬೆ ಹಾಕಬೇಕೆ? ಬೇಡ. ದಿನನಿತ್ಯದ ಹುಳು, ಕಸಗಳ ಪರಿಚಯ ಗಟ್ಟಿಯಿದ್ದವರಿಗೆ ಹೊಸದು ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಆ ಪರಿಚಯ ಪ್ರಯೋಗಾಲಯಕ್ಕಿಂತ ಮೊದಲು ಹೊಲದಲ್ಲಿ ಕಳೆ ತೆಗೆಯುವವರಿಗೆ ಇರುತ್ತದೆ. ಅವರ ಅನುಮಾನ ಹುಸಿಯಾದರೂ ನಷ್ಟ ಅರ್ಧ ದಿನದ್ದು. ಮೌನದ ನಷ್ಟ ಎಷ್ಟೆಂಬುದನ್ನು ಕಾಂಗ್ರೆಸ್ ಕಸ ತೋರಿಸಿದೆ. ಆದ್ದರಿಂದ ಗುರುತು ಸಿಗದ ಹುಳು ಕಂಡರೆ ತಲೆ, ಬಾಲ, ತಿಂದ ಎಲೆ ಮೂರೂ ಕಾಣುವಂತೆ ಫೋಟೊ ತೆಗೆಯಿರಿ. ಹುಳುವನ್ನು ಮುಚ್ಚಳ ಬಿಗಿದ ಬಾಟಲಿಗೆ ಹಾಕಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಔಷಧಿ ಅಂಗಡಿಗೆ ಆಮೇಲೆ ಹೋದರಾಯಿತು.